ಉಳಿದದ್ದು

ಹಂಪನಕಟ್ಟೆಯ ಅಂಗಡಿಯ ಗಾಜಿನ ಮೇಲೆ
ಮೂರನ್ನು ಸಾಲಾಗಿ ಇಟ್ಟ ಸಿನಾನ್.
ಮೂರೂ ಅಂಗೈಯಷ್ಟೇ.
ಒಂದಕ್ಕೆ ಸೆನ್ಸರ್ ದೊಡ್ಡದು, ಇಪ್ಪತ್ತು ನಿಮಿಷಕ್ಕೆ
ಬಿಸಿಯಾಗಿ ಮಲಗಿಬಿಡುತ್ತದೆ.
ಇನ್ನೊಂದು ಮಲಗುವುದಿಲ್ಲ, ಬೆಳಕು ಕಡಿಮೆಯಾದರೆ ಮಾತ್ರ
ಮುಖವೆಲ್ಲ ರವೆ ಹಚ್ಚಿದ ಬಂಗುಡೆ.
ಮೂರನೆಯದಕ್ಕೆ ಎಲ್ಲ ಉಂಟು,
ಮೈಕ್ ಚುಚ್ಚುವ ತೂತೊಂದು ಬಿಟ್ಟು.

ನಿಮಗೆ ಯಾವುದಕ್ಕೆ, ಎಂದ.
ಮದುವೆಗೆ. ರೋಸಿಗೆ, ಮೆಹೆಂದಿಗೆ, ಒಕ್ಕಲಿಗೆ,
ಒಮ್ಮೊಮ್ಮೆ ಬೊಜ್ಜಕ್ಕೂ.
ದೊಡ್ಡದು ಉಂಟು ನನ್ನಲ್ಲಿ. ಇದು ಎರಡನೆಯದು.
ಅದರಲ್ಲಿ ಅರಿಶಿನ ಅರಿಶಿನವಾಗಿ ಬಂದು
ಇದರಲ್ಲಿ ಲಿಂಬೆಯಾದರೆ
ರಾತ್ರಿಯಿಡೀ ನನ್ನ ಗ್ರಹಚಾರ.

ಸೆಕೆಂಡ್ ಅಲ್ವಾ, ಯಾವುದಾದರೂ ನಡೀತದೆ, ಎಂದ ಹುಡುಗ.

ಅವನಿಗೆ ಗೊತ್ತಿಲ್ಲ.
ಹನ್ನೊಂದು ವರ್ಷ ಎರಡನೆಯದು ನಾನೇ ಆಗಿದ್ದೆ.

ಸಿರಿಲಣ್ಣ ನಡುವೆ, ಹೆಗಲ ಮೇಲೆ ಮಗುವಿನಷ್ಟು ಭಾರ.
ಅವರು ಬಂದರೆ ಹೆಂಗಸರು ಸೆರಗು ಸರಿಮಾಡುವರು,
ಗಂಡಸರು ಹೊಟ್ಟೆ ಒಳಗೆಳೆಯುವರು.
ನನಗೆ ಮಂಟಪದ ಎಡಗಂಬ.
"ಮುಖ ನಾನು ಹಿಡಿಯುತ್ತೇನೆ, ಉಳಿದದ್ದು ನೀನು ಹಿಡಿ."
ಇಷ್ಟೇ ಪಾಠ.
ಉಳಿದದ್ದು ಎಂದರೆ ಎಂತದು ಎಂದು ಕೇಳಲಿಲ್ಲ. ಹಿಡಿದೆ.
ಧಾರೆ ನೀರು ಬೀಳುವ ಹರಿವಾಣದ ಅಂಚು,
ಮಂತ್ರದ ನಡುವೆ ಮೊಬೈಲ್ ಮಗುಚಿಡುವ ಭಟ್ಟರ ಬೆರಳು,
ತೆಂಗಿನ ಹಾಲು ಮದುಮಗಳ ಕಿವಿ ಹಿಂದಿನಿಂದ
ಕುತ್ತಿಗೆಗೆ ಇಳಿಯುವ ದಾರಿ,
ಎರಡನೇ ಪಂಕ್ತಿಗೆ ಕುರ್ಚಿಯ ಹಿಂದೆ ನಿಂತು
ಉಣ್ಣುವವರ ಎಲೆ ಎಣಿಸುವ ಮಾಸ್ತರರು.

ಸಿರಿಲಣ್ಣನ ಫೋಕಸ್ ಜಾರಿದಲ್ಲಿ,
ಯಾರದೋ ತಲೆ ಅಡ್ಡ ಬಂದಲ್ಲಿ,
ನನ್ನ ಎರಡು ಸೆಕೆಂಡು ಅಂಟಿಸುತ್ತಿದ್ದರು.
ಹರಿದ ಅಂಗಿಗೆ ಒಳಗಿನಿಂದ ತೇಪೆ ಕೊಟ್ಟ ಹಾಗೆ.
ಕಾಣಬಾರದು. ಕಂಡರೆ ಹೊಲಿದವನ ಮರ್ಯಾದೆ ಹೋಯಿತು.

ಬೆಳ್ತಂಗಡಿ ಕಡೆಯ ಮದುವೆಯೊಂದರಲ್ಲಿ
ಅವರ ಕಾರ್ಡು ಕೈಕೊಟ್ಟಿತು. ಇಡೀ ಧಾರೆ ಮಾಯ.
ನನ್ನದರಿಂದಲೇ ಮದುವೆ ಕಟ್ಟಬೇಕಾಯಿತು:
ಕಾಲು, ಬಟ್ಟಲು, ಬಳೆ, ವಾಲಗದವರ ಕೆನ್ನೆ.
ನನ್ನ ಮುಖವೇ ಇಲ್ಲವಲ್ಲ ಎಂದು ಮದುಮಗಳು ಅತ್ತಳು.
ಅರ್ಧ ದುಡ್ಡು ಕೊಟ್ಟರು.
ತಿಂಗಳ ಮೇಲೆ ಮದುಮಗನ ಮನೆಯವರು ಬಂದು
ಉಳಿದರ್ಧ ಮೇಜಿನ ಮೇಲಿಟ್ಟರು.
ಕಳೆದುಹೋದ ಉಂಗುರ ಉರುಳಿ ಬಂದದ್ದು,
ಅದರ ಮೇಲೊಂದು ಪಾದ ಮೆಲ್ಲಗೆ ಕೂತದ್ದು
ನನ್ನದರಲ್ಲಿ ಸ್ವಚ್ಛ ಬಿದ್ದಿತ್ತು.
ಪಾದ ಯಾರದೆಂದು
ಇವತ್ತಿಗೂ ಆ ಮನೆಯಲ್ಲಿ ಜೋರಾಗಿ ಹೇಳುವುದಿಲ್ಲ.

ಈಗ ದೊಡ್ಡದು ನನ್ನ ಹೆಗಲಿಗೆ.
ಎಡಗಂಬದಲ್ಲಿ ಯಾರೂ ಇಲ್ಲ.
ಬರುವ ಹುಡುಗರು ದಿನಕ್ಕೆ ಎರಡು ಸಾವಿರ ಕೇಳಿ
ತಮ್ಮದೇ ರೀಲು ಮಾಡುತ್ತಾರೆ.

ಸಿನಾನನ್ನು ಕೇಳಿದೆ:
ಇದನ್ನು ಎಲ್ಲಾದರೂ ಇಟ್ಟು ಹೋದರೆ
ಎಲ್ಲಿ ನೋಡಬೇಕೆಂದು ಇದಕ್ಕೆ ಗೊತ್ತಾಗ್ತದಾ?
ಅಣ್ಣಾ, ಎಂದು ಅವನ ಕಣ್ಣು ಅರಳಿತು.
ನೂರು ಜನರ ನಡುವೆ ಮುಖ ಹುಡುಕ್ತದೆ.
ಮುಖದಲ್ಲಿ ಕಣ್ಣು. ಕಣ್ಣಲ್ಲೂ ಹತ್ತಿರದ ಕಣ್ಣು!

ಮುಖ ಹುಡುಕಬೇಡ ಎಂದು ಹೇಳಲಿಕ್ಕೆ ಆಗ್ತದಾ?

ಅವನು ನನ್ನನ್ನು ನೋಡಿದ. ಮತ್ತೆ ಮೆನು ಒತ್ತಿದ.
ಒತ್ತುತ್ತ ಹೋದ. ನಾಲ್ಕನೇ ಪುಟದ ತಳದಲ್ಲಿ ಇತ್ತು.
ಮಲಗದ್ದನ್ನೇ ಕಟ್ಟಿಸಿಕೊಂಡೆ, ರವೆಯ ಸಮೇತ.
ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ
ಪೊಟ್ಟಣದ ಹರಳು ಎರಡು ಪುಕ್ಕಟೆ ಕೊಟ್ಟ.

ಬರುವಾಗ ಕಂಕನಾಡಿಯಲ್ಲಿ ಇಳಿದೆ.
ಸಿರಿಲಣ್ಣನಿಗೆ ಈಗ ಕಿಟಕಿ ಯಾವುದು,
ಬಾಗಿಲು ಯಾವುದು ಎಂಬಷ್ಟೇ ಬೆಳಕು.
ಕೈಗೆ ಕೊಟ್ಟೆ.
ತಿರುಗಿಸಿದರು, ಮಗುಚಿದರು, ಹೆಬ್ಬೆರಳಿನಲ್ಲಿ ತಡವಿದರು.
"ಇದಕ್ಕೆ ಹೆಗಲೆಲ್ಲಿ ಮಾರಾಯಾ?"

ರಾತ್ರಿ ಕಾರ್ಡು ತೆರೆದರೆ ಅದಾಗಲೇ ಕೆಲಸ ಶುರುಮಾಡಿತ್ತು.
ಹನ್ನೆರಡು ಸೆಕೆಂಡು:
ಫ್ಯಾನು, ಗದ್ದದ ಕೆಳಗಿನ ಬಿಳಿ ಕುರುಚಲು, ಮತ್ತೆ ಫ್ಯಾನು.
ಫೋಕಸ್
ಫ್ಯಾನಿನ ಮೇಲೆ.